ಹಗೇವಿನ ಬಾಯಿ ತೆರೆದವರು

ರಾಗಿ ಬೇಗ ಕೆಡುವುದಿಲ್ಲ. ಹಳೇ ಮೈಸೂರಿನ ಬಯಲುಸೀಮೆಯ ಬದುಕು ನಿಂತಿದ್ದೇ ಈ ಒಂದು ಸಂಗತಿಯ ಮೇಲೆ. ಭತ್ತಕ್ಕೆ ಮುಗ್ಗಲು ಹಿಡಿಯುತ್ತದೆ, ಜೋಳಕ್ಕೆ ಹುಳು ಬೀಳುತ್ತದೆ. ರಾಗಿಯನ್ನು ಮಾತ್ರ ಚೆನ್ನಾಗಿ ಒಣಗಿಸಿ ನೆಲದೊಳಗೆ ಇಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಾಗೆ ಇಡುವ ಗುಂಡಿಯ ಹೆಸರು ಹಗೇವು. ಗಟ್ಟಿ ಮಣ್ಣಿನ ಜಾಗ ನೋಡಿ ಬಾವಿಯಂತೆ ಇಳಿಸಿ, ಒಳಗೆ ಹೂಜಿಯ ಹೊಟ್ಟೆಯ ಹಾಗೆ ಅಗಲಿಸಿ, ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ ಬಿಡುತ್ತಿದ್ದರು. ತಳಕ್ಕೂ ಗೋಡೆಗೂ ಹುಲ್ಲು ಕೊಟ್ಟು ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ಮಣ್ಣು ಎಳೆಯುತ್ತಿದ್ದರು. ತೆರೆದ ದಿನ ಯಾರೂ ಕೂಡಲೇ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಅವಸರಪಟ್ಟು ಇಳಿದು ಉಸಿರು ಕಟ್ಟಿ ಸತ್ತವರುಂಟು.

ಹಗೇವಿನ ಬಾಯಿ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರುತ್ತಿತ್ತು, ಊರಿಗೂ ಗೊತ್ತಿರುತ್ತಿತ್ತು. ಆದರೆ ದಂಡೆತ್ತಿ ಬಂದವನಿಗೆ ಗೊತ್ತಾಗಬಾರದು, ಕಂದಾಯ ಕೇಳಲು ಬಂದವನಿಗೂ ಗೊತ್ತಾಗಬಾರದು. ಎರಡು ವರ್ಷ ಮಳೆ ಹೋದರೂ ಮನೆಯ ಒಲೆ ಉರಿಯಬೇಕೆಂಬ ಲೆಕ್ಕದಲ್ಲಿ ರೈತ ಮಾಡಿಕೊಂಡ ವ್ಯವಸ್ಥೆ ಇದು. ಯುದ್ಧವೋ ಬರವೋ ಬಂದಾಗ ಸರ್ಕಾರವೂ ತನ್ನದೇ ಲೆಕ್ಕ ಹಾಕುತ್ತದೆ: ದೇಶದಲ್ಲಿ ಇರುವುದೆಷ್ಟು, ಅದು ಯಾರ ಹತ್ತಿರ ಇದೆ, ಎಲ್ಲಿಂದ ತೆಗೆದು ಎಲ್ಲಿಗೆ ಸಾಗಿಸಬೇಕು? ಈ ಎರಡು ಲೆಕ್ಕಗಳು ಎದುರುಬದುರಾದ ಕಥೆಯನ್ನು ಹೇಳಲು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗಿಂತ ತಕ್ಕ ಸೀಮೆ ಹುಡುಕುವುದು ಕಷ್ಟ.

ಇಂದು ಮಧುಗಿರಿ ಉಪವಿಭಾಗಕ್ಕೆ ಸೇರಿದ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದ ಭಾಗ. ಬಂಡೆಬೆಟ್ಟ, ಕೆಂಪು ನೆಲ, ವರ್ಷಕ್ಕೆ ಸುಮಾರು 500ರಿಂದ 700 ಮಿಲಿಮೀಟರ್ ಮಳೆ. ಜಯಮಂಗಲಿ, ಸುವರ್ಣಮುಖಿ ಹೆಸರಿಗೆ ನದಿಗಳಾದರೂ ವರ್ಷದ ಬಹುಪಾಲು ಮರಳು ತೋರಿಸಿಕೊಂಡು ಮಲಗಿರುತ್ತವೆ. ಪಾವಗಡವಂತೂ ಮೂರು ಕಡೆ ಆಂಧ್ರದ ನೆಲ ಸುತ್ತಿಕೊಂಡು ನಡುಗಡ್ಡೆಯಂತೆ ಉಳಿದ ತಾಲ್ಲೂಕು. ರಾಗಿ, ಹುರುಳಿ, ಸಜ್ಜೆ, ನವಣೆ, ಆಮೇಲೆ ಬಂದ ಕಡಲೆಕಾಯಿ ಇಲ್ಲಿನ ಬೆಳೆ. ಕುರಿ ಇಲ್ಲಿನ ಹಣ. ಕುರಿಯ ಉಣ್ಣೆಯಿಂದ ನೇಯ್ದ ಕರಿ ಕಂಬಳಿಗೆ ಶಿರಾ, ಮಧುಗಿರಿ ಸೀಮೆ ಹೆಸರಾಗಿತ್ತು.

ಶಿರಾ ಒಂದು ಕಾಲಕ್ಕೆ ರಾಜಧಾನಿ. ರತ್ನಗಿರಿಯ ರಂಗಪ್ಪ ನಾಯಕ ಕಟ್ಟಲು ತೊಡಗಿದ ಊರು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಪಾಲಾಯಿತು. 1687ರ ನಂತರ ಮೊಗಲರು ಅದನ್ನು ತಮ್ಮ ಹೊಸ ಸುಬಾದ ಮುಖ್ಯ ಪಟ್ಟಣ ಮಾಡಿಕೊಂಡರು. ನವಾಬ ದಿಲಾವರ್ ಖಾನನ ಕಾಲಕ್ಕೆ ಅಲ್ಲಿ 50,000 ಮನೆಗಳಿದ್ದವು ಎಂಬ ಹೇಳಿಕೆ ಬಹುಕಾಲ ಉಳಿದಿತ್ತು. ಆ ಸಂಖ್ಯೆ ಹಿಗ್ಗಿಸಿ ಹೇಳಿದ್ದೇ ಇರಬಹುದು, ಊರು ದೊಡ್ಡದಾಗಿದ್ದದ್ದು ಮಾತ್ರ ನಿಜ. ಬಣ್ಣದ ಅಚ್ಚಿನ ಚೀಟಿ ಬಟ್ಟೆ, ಅರಗು, ಕಂಬಳಿ ಅಲ್ಲಿ ತಯಾರಾಗುತ್ತಿದ್ದವು. ಆಮೇಲೆ ಮರಾಠರು, ಹೈದರ್, ಮತ್ತೆ ಮರಾಠರು, ಮತ್ತೆ ಟಿಪ್ಪು ಹೀಗೆ ಕೋಟೆ ಕೈ ಬದಲಾಯಿಸುತ್ತಲೇ ಹೋಯಿತು.

ಟಿಪ್ಪು ಸುಲ್ತಾನ ಆಳಿದ್ದು ಹದಿನೇಳು ವರ್ಷ, ಅಷ್ಟೂ ವರ್ಷ ಯುದ್ಧ ಅಥವಾ ಯುದ್ಧದ ತಯಾರಿ. ಶ್ರೀರಂಗಪಟ್ಟಣದ ದ್ವೀಪದಲ್ಲಿ ಆತ ಶಹರ್ ಗಂಜಾಂ ಎಂಬ ಹೊಸ ಪೇಟೆ ಕಟ್ಟಿದ. ರಾಜಧಾನಿಯ ಮಗ್ಗುಲಲ್ಲೇ ನೇಕಾರರು, ಕುಶಲಕರ್ಮಿಗಳು, ವ್ಯಾಪಾರಿಗಳು ಇರಬೇಕು, ಸೈನ್ಯಕ್ಕೂ ಅರಮನೆಗೂ ಬೇಕಾದದ್ದು ಕೈಗೆಟುಕುವಷ್ಟರಲ್ಲಿ ಸಿಗಬೇಕು. ಪೇಟೆಯನ್ನು ಕಟ್ಟಬಹುದು, ಜನ ಎಲ್ಲಿಂದ ಬರಬೇಕು? ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಗಂಜಾಂಗೆ ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ನೂರು ಮೈಲಿಗೂ ಮಿಕ್ಕಿದ ಹಾದಿ. ಮಗ್ಗ ಬಿಚ್ಚಿ ಗಾಡಿಗೆ ಹೇರಬಹುದು, ಪಾತ್ರೆಪರಡಿ ಹೊತ್ತುಕೊಳ್ಳಬಹುದು. ಹಗೇವನ್ನು ಹೊತ್ತೊಯ್ಯಲು ಆಗುವುದಿಲ್ಲ.

ಯುದ್ಧಕಾಲದ ಸರ್ಕಾರ ಒಂದು ಊರಿನ ಕಸುಬನ್ನು ಕಿತ್ತು ಇನ್ನೊಂದು ಕಡೆ ನೆಟ್ಟ ಉದಾಹರಣೆ ಕನ್ನಡ ನಾಡಿನ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಅಪರೂಪ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗಂಜಾಂ ಸೊರಗಿತು, ಶಿರಾ ಮತ್ತೆ ಮೊದಲಿನಂತಾಗಲಿಲ್ಲ.

ಜನರ ಜೊತೆಗೆ ದನವೂ ಯುದ್ಧದ ಲೆಕ್ಕಕ್ಕೆ ಸೇರಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ಅರಮನೆಯ ದನದ ಇಲಾಖೆಯನ್ನು ಹೈದರ್ ಸೈನ್ಯದ ಸಾಗಣೆಗೆ ದುಡಿಸಿಕೊಂಡ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟಳೆಗಳನ್ನು ಬರೆಸಿದ. ತೋಪು ಎಳೆಯುವ ಈ ಎತ್ತುಗಳಿಗಾಗಿಯೇ ಸಂಸ್ಥಾನದ ಉದ್ದಗಲಕ್ಕೂ ಕಾವಲುಗಳು, ಎಂದರೆ ಸರ್ಕಾರದ ಹುಲ್ಲುಗಾವಲುಗಳು, ಮೀಸಲಾಗಿದ್ದವು. ತುಮಕೂರು ಮತ್ತು ಚಿತ್ರದುರ್ಗದ ಬಯಲುಗಳು ಇದಕ್ಕೆ ಹೇಳಿ ಮಾಡಿಸಿದಂತಿದ್ದವು. ಹೈದರನ ದಂಡು ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಓಡಿದ್ದು ಈ ದನಗಳ ಬಲದಿಂದ ಎನ್ನುತ್ತಾರೆ. ಸುಲ್ತಾನನನ್ನು ಸೋಲಿಸಿದ ಇಂಗ್ಲಿಷರು ಮೊದಲು ಜೋಪಾನ ಮಾಡಿದ ವಸ್ತುಗಳಲ್ಲಿ ಈ ತಳಿಯೂ ಒಂದು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡನ್ನು ಚದುರಿಸಿದ ಮದ್ರಾಸ್ ಸರ್ಕಾರ, ಸೈನ್ಯಕ್ಕೆ ಎತ್ತು ಸಿಗದೆ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ಟಿಪ್ಪು ವ್ಯಾಪಾರದ ದಿಕ್ಕನ್ನೂ ತಿರುಗಿಸಿದ. ಕರ್ನಾಟಿಕ್ ನವಾಬನ ಸೀಮೆಯ ಜೊತೆಗೂ ಮರಾಠರ ಜೊತೆಗೂ ವಹಿವಾಟಿಗೆ ತಡೆ ಹಾಕಿದ. ಮೆಣಸು, ಏಲಕ್ಕಿ, ಗಂಧ ಇಂಗ್ಲಿಷರ ಕೈಗೆ ಹೋಗದಂತೆ ನೋಡಿಕೊಂಡ. ಸರ್ಕಾರಿ ಕೋಠಿಗಳನ್ನು ತೆರೆದು ಮಸ್ಕತ್, ಕಛ್‌ಗಳ ತನಕ ವ್ಯಾಪಾರ ಹಬ್ಬಿಸಿದ. ಶತ್ರುವಿಗೆ ಆದಾಯ ತಪ್ಪಿಸುವ ಉಪಾಯವಾಗಿ ಇದು ಜಾಣತನವೇ. ಆದರೆ ಎತ್ತಿನ ಮೇಲೆ ಸರಕು ಹೇರಿಕೊಂಡು ಘಟ್ಟ ಇಳಿದು ಆರ್ಕಾಟಿಗೆ ಹೋಗಿಬರುತ್ತಿದ್ದ ವರ್ತಕನ ದಾರಿ ಇದರಿಂದ ಮುಚ್ಚಿತು. 1800ರ ಆಗಸ್ಟಿನಲ್ಲಿ ಮಧುಗಿರಿ, ಶಿರಾ ಹಾದು ಹೋದ ಫ್ರಾನ್ಸಿಸ್ ಬುಕಾನನ್ ಈ ಕೊರಗನ್ನೂ, ಪರಶುರಾಮ ಭಾವುವಿನ ಮರಾಠಾ ದಂಡು ಸುಲಿದು ಹೋದ ಹಳ್ಳಿಗಳ ಕಥೆಯನ್ನೂ ಜೊತೆಜೊತೆಗೆ ಬರೆದಿಟ್ಟಿದ್ದಾನೆ.

ಅದೇ ಪ್ರವಾಸಿ ಇನ್ನೊಂದು ವಿಷಯವನ್ನೂ ಕಂಡ. ಮಧುಗಿರಿ, ಚನ್ನರಾಯನದುರ್ಗದ ಸುತ್ತ ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರುವ ಕರಿ ಮರಳನ್ನು ತೊಳೆದು ಕಬ್ಬಿಣ ಕಾಯಿಸುತ್ತಿದ್ದರು. ಆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿ ಎಲೆಯನ್ನೂ ಮಣ್ಣಿನ ಮೂಸೆಯೊಳಗಿಟ್ಟು, ಬಾಯಿ ಮೆತ್ತಿ, ತಿದಿ ಊದಿ ಉಕ್ಕು ಮಾಡುತ್ತಿದ್ದರು. ಇಂಗ್ಲಿಷಿನ ‘ವೂಟ್ಜ್’ ಎಂಬ ಮಾತು ಕನ್ನಡದ ‘ಉಕ್ಕು’ವಿನಿಂದಲೇ ಹುಟ್ಟಿದ್ದೆಂದು ವಿದ್ವಾಂಸರ ಊಹೆ. ಈ ಬಗೆಯ ಉಕ್ಕಿನ ಗುಟ್ಟು ಅರಿಯಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ವರ್ಷಗಟ್ಟಲೆ ಪ್ರಯೋಗ ನಡೆಸಿದ. ಯುದ್ಧ ಮುಗಿದು ಕಂಪನಿಯ ಕಾಲ ಬಂದಿತು. ಇಂಗ್ಲೆಂಡಿನ ಅಗ್ಗದ ಕಬ್ಬಿಣವೂ ಹಿಂದೆಯೇ ಬಂದು, ಈ ಕುಲುಮೆಗಳು ಒಂದೊಂದಾಗಿ ತಣ್ಣಗಾದವು.

ಮುಂದಿನ ದೊಡ್ಡ ಬಿಕ್ಕಟ್ಟಿಗೆ ದಂಡಿನ ಸದ್ದೇ ಇರಲಿಲ್ಲ. 1875ರ ಬೆಳೆ ಅರೆಬರೆ, 1876ರ ಮಳೆ ಪೂರಾ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರದ ತನಕ ಎಳೆದದ್ದರಿಂದ ಹಳ್ಳಿಗಳು ಅದನ್ನು ಧಾತು ಈಶ್ವರದ ಬರ ಎಂದೇ ನೆನಪಿಟ್ಟುಕೊಂಡವು. ಮೊದಲ ವರ್ಷ ಹಗೇವುಗಳು ಕಾಪಾಡಿದವು. ಎರಡನೆಯ ವರ್ಷ ಬಾಯಿ ತೆರೆದರೆ ತಳದ ಹುಲ್ಲು ಮಾತ್ರ ಕಂಡಿತು.

ಆಗ ಮೈಸೂರು ಕಮಿಷನರುಗಳ ಆಡಳಿತದಲ್ಲಿತ್ತು, ಚೀಫ್ ಕಮಿಷನರ್ ಸಿ. ಬಿ. ಸಾಂಡರ್ಸ್. ಮೇಲೆ ಕಲ್ಕತ್ತೆಯಲ್ಲಿ ವೈಸ್‌ರಾಯ್ ಲಿಟನ್. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈ ಹಾಕಬಾರದು, ಬೆಲೆ ಏರಿದರೆ ವರ್ತಕರೇ ಕಾಳು ತಂದು ಸುರಿಯುತ್ತಾರೆ ಎಂಬುದು ಅವನ ಸರ್ಕಾರದ ನಂಬಿಕೆ. ಕೇವಲ ಮೂರು ವರ್ಷದ ಹಿಂದೆ, 1874ರಲ್ಲಿ, ಬಿಹಾರದ ಬರಕ್ಕೆ ರಿಚರ್ಡ್ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಸಾವನ್ನು ತಡೆದಿದ್ದ. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುಗಾರ ಎಂಬ ಬಿರುದು. 1877ರ ಆರಂಭದಲ್ಲಿ ಅದೇ ಟೆಂಪಲ್ ದಕ್ಷಿಣಕ್ಕೆ ಬರಪರಿಹಾರದ ಉಸ್ತುವಾರಿಗೆ ಬಂದಾಗ, ಹಳೆಯ ಅಪವಾದ ತೊಳೆದುಕೊಳ್ಳುವವನಂತೆ ಕೂಲಿಯನ್ನು ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಅಷ್ಟು ತಿಂದು ಮಣ್ಣು ಹೊರಬೇಕಿತ್ತು. ಜನರ ಜೀವ ಉಳಿಸಿದ್ದಕ್ಕೆ ಬೈಸಿಕೊಂಡ ಅಧಿಕಾರಿ ಮುಂದಿನ ಬರದಲ್ಲಿ ಹಣ ಉಳಿಸಲು ಹೊರಟದ್ದು ಆ ಕಾಲದ ಆಡಳಿತದ ಮೇಲೆ ಹೊರಿಸಬಹುದಾದ ಅತ್ಯಂತ ಗಂಭೀರ ಆರೋಪ.

ಮದ್ರಾಸಿನಿಂದ ಬೆಂಗಳೂರಿಗೆ ರೈಲಿತ್ತು, ಕಾಳು ಬೆಂಗಳೂರಿನ ತನಕ ಬಂತು. ಅಲ್ಲಿಂದ ಒಳನಾಡಿಗೆ ಒಯ್ಯಲು ಎತ್ತುಗಳು ಬೇಕು. ಮೇವಿಲ್ಲದೆ ಎತ್ತುಗಳು ಆಗಲೇ ಸತ್ತಿದ್ದವು. ಹೀಗೆ ಮೂಟೆಗಳು ಒಂದು ಕಡೆ, ಹಸಿವು ಇನ್ನೊಂದು ಕಡೆ. 1877ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಎಲಿಯಟ್ ಬರ ಕಮಿಷನರ್ ಆಗಿ ಬಂದ ಮೇಲೆ ಗಂಜಿಕೇಂದ್ರಗಳನ್ನು ತಗ್ಗಿಸಿ, ದುಡಿಯಬಲ್ಲವರನ್ನು ದೊಡ್ಡ ಕಾಮಗಾರಿಗಳಿಗೆ ಕಳಿಸುವ ಕ್ರಮ ಬಿಗಿಯಾಯಿತು. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಆಗಿನದು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಸಿದಿತ್ತು. ಹುಟ್ಟಬೇಕಿದ್ದವರನ್ನೂ ಸೇರಿಸಿದರೆ ನಷ್ಟ ಹತ್ತು ಲಕ್ಷ ದಾಟುತ್ತದೆ. ಬಯಲುಸೀಮೆಯ ಈ ತಾಲ್ಲೂಕುಗಳು ಅತಿ ಹೆಚ್ಚು ನೊಂದ ಭಾಗದಲ್ಲೇ ಇದ್ದವು. 1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದಾಗ ದಿವಾನ್ ರಂಗಾಚಾರ್ಲು ಅವರಿಗೆ ಸಿಕ್ಕಿದ್ದು ಬರಿದಾದ ಖಜಾನೆ ಮತ್ತು ಬರಕ್ಕೆಂದು ಪಡೆದ 80 ಲಕ್ಷ ರೂಪಾಯಿಯ ಸಾಲ.

ರಂಗಾಚಾರ್ಲು ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದು ತಾಲ್ಲೂಕು ತಾಲ್ಲೂಕಿನಿಂದ ರೈತರನ್ನು ಮೈಸೂರಿಗೆ ಬರಮಾಡಿಕೊಂಡರು. ಬರಕ್ಕೆ ಮದ್ದು ರೈಲು ಎಂದು ಅವರು ನಂಬಿದ್ದರು. 1884ರಲ್ಲಿ ತುಮಕೂರಿಗೆ ರೈಲು ಬಂತು. ಅದು ಗುಬ್ಬಿ, ತಿಪಟೂರು, ಅರಸೀಕೆರೆಯ ಕಡೆಗೆ ಹೊರಳಿ 1889ಕ್ಕೆ ಹರಿಹರ ಮುಟ್ಟಿತು. ಇನ್ನೊಂದು ದಾರಿ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಯಿತು. ಎರಡು ಕಂಬಿಗಳ ನಡುವೆ ಈ ನಾಲ್ಕು ತಾಲ್ಲೂಕುಗಳು ಹಾಗೇ ಉಳಿದವು. ಪಾವಗಡ, ಮಧುಗಿರಿ, ಕೊರಟಗೆರೆ ಮೂಲಕ ಹೋಗುವ ರಾಯದುರ್ಗ–ತುಮಕೂರು ಮಾರ್ಗವೂ, ಶಿರಾ ಮೂಲಕ ಹೋಗುವ ತುಮಕೂರು–ದಾವಣಗೆರೆ ಮಾರ್ಗವೂ ಮಂಜೂರಾದದ್ದು ಈ ಶತಮಾನದಲ್ಲಿ.

ಮೊದಲ ಮಹಾಯುದ್ಧ ಮೈಸೂರಿಗೆ ತಟ್ಟಿದ್ದು ಗಂಧದ ಮರದ ಮೂಲಕ. ಗಂಧ ಸರ್ಕಾರದ ಮರ, ರೈತನ ಹೊಲದ ಬದುವಿನಲ್ಲಿ ಹುಟ್ಟಿದರೂ ಸರ್ಕಾರದ್ದೇ. ಹರಾಜಿನಲ್ಲಿ ಹೆಚ್ಚಾಗಿ ಕೊಳ್ಳುತ್ತಿದ್ದವರು ಜರ್ಮನಿಯವರು. 1914ರಲ್ಲಿ ಯುದ್ಧ ಶುರುವಾದದ್ದೇ ಹರಾಜು ನಿಂತಿತು. ಆಲ್ಫ್ರೆಡ್ ಚಾಟರ್ಟನ್ ಅವರ ಮುಂದಾಳತ್ವದಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನ ಶಾಸ್ತ್ರಜ್ಞರ ನೆರವಿನಿಂದ, ಎಣ್ಣೆಯನ್ನು ಇಲ್ಲೇ ತೆಗೆಯುವ ಕೆಲಸ ಕೈಗೂಡಿತು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆ ಎದ್ದಿತು. ಬಿಕ್ಕಟ್ಟು ತಂದೊಡ್ಡಿದ ತಿರುವು ನಾಡಿಗೆ ಶಾಶ್ವತ ಲಾಭವಾದದ್ದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಹಳ್ಳಿಗೆ ಆ ಯುದ್ಧದ ಕೊನೆ ಬೇರೆಯೇ ರೂಪದಲ್ಲಿ ಬಂತು. 1918ರಲ್ಲಿ ಮಳೆ ಹೋಯಿತು, ಕಾಳಿನ ಬೆಲೆ ಗಗನಕ್ಕೇರಿತು, ಜೊತೆಗೆ ಇನ್‌ಫ್ಲುಯೆಂಜಾ ಜ್ವರ.

ಎರಡನೆಯ ಮಹಾಯುದ್ಧ ಬಂದಾಗ ಸರ್ಕಾರ ಮೊದಲ ಬಾರಿಗೆ ಪ್ರತಿ ಮನೆಯ ಹಗೇವಿನ ತನಕ ಬಂದಿತು.

1939ರಿಂದ ಎರಡು ವರ್ಷ ಯುದ್ಧ ದೂರದ ಸುದ್ದಿಯಾಗಿತ್ತು. ವಾಲ್‌ಚಂದ್ ಹೀರಾಚಂದರೊಡನೆ ಮೈಸೂರು ಸರ್ಕಾರ ಬಂಡವಾಳ ಹಾಕಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿತು. ಬೆಂಗಳೂರಿಗೆ ಸಿಪಾಯಿಗಳು ಬಂದರು, ಕಾರ್ಖಾನೆಯ ಕೆಲಸಗಾರರು ಬಂದರು, ಊರಿನ ಹೊಟ್ಟೆ ದೊಡ್ಡದಾಯಿತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ವಶವಾಯಿತು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಬರುತ್ತಿದ್ದ ಬರ್ಮಾ ಅಕ್ಕಿ ಒಂದೇ ಏಟಿಗೆ ನಿಂತಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕ ಜನಬಳಕೆಯ ಕಾರು ತಯಾರಿಕೆ ನಿಲ್ಲಿಸಿ ಆ ಕಾರ್ಖಾನೆಗಳಲ್ಲಿ ಟ್ಯಾಂಕು, ವಿಮಾನ ಮಾಡಿಸಲು ತೊಡಗಿತ್ತು. ಬ್ರಿಟನ್ನು 1940ರಿಂದಲೇ ಬೆಣ್ಣೆ, ಸಕ್ಕರೆ, ಮಾಂಸಗಳನ್ನು ಚೀಟಿಯ ಮೇಲೆ ಅಳೆದು ಕೊಡುತ್ತಿತ್ತು. ಮೈಸೂರಿನ ಬಯಲಿನಲ್ಲಿ ತಿರುಗಿಸಲು ಕಾರು ಕಾರ್ಖಾನೆ ಎಲ್ಲಿತ್ತು? ಇದ್ದದ್ದು ರಾಗಿ.

ಬಂಗಾಳದ 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತ ಸುದ್ದಿ ಎಲ್ಲ ಸರ್ಕಾರಗಳನ್ನೂ ನಡುಗಿಸಿತು. ಅದೇ ವರ್ಷ ಗ್ರೆಗರಿ ಅವರ ಅಧ್ಯಕ್ಷತೆಯ ಆಹಾರಧಾನ್ಯ ನೀತಿ ಸಮಿತಿ ಹಳ್ಳಿಯಿಂದ ಕಾಳು ಸಂಗ್ರಹಿಸಿ, ಪಟ್ಟಣಗಳಲ್ಲಿ ರೇಷನ್ ಮೂಲಕ ಹಂಚಬೇಕೆಂದು ಹೇಳಿತು. ಎನ್. ಮಾಧವರಾಯರು ದಿವಾನರಾಗಿದ್ದ ಮೈಸೂರೂ ಆ ದಾರಿ ಹಿಡಿಯಿತು. ಹಳ್ಳಿಗರ ಬಾಯಲ್ಲಿ ಅದಕ್ಕೆ ಒಂದೇ ಹೆಸರು: ಲೆವಿ.

ಲೆವಿಯ ಲೆಕ್ಕ ಕಾಗದದ ಮೇಲೆ ಸರಳ. ರೈತನಿಗೆ ಇಷ್ಟು ಎಕರೆ, ಇಷ್ಟು ಫಸಲು. ಮನೆಯ ತಲೆಗಳಿಗೆ ಇಷ್ಟು, ಬಿತ್ತನೆಗೆ ಇಷ್ಟು, ಆಳುಕಾಳಿಗೆ ಇಷ್ಟು ಬಿಟ್ಟು ಮಿಕ್ಕಿದ್ದನ್ನು ಸರ್ಕಾರ ಗೊತ್ತು ಮಾಡಿದ ಬೆಲೆಗೆ ಕೊಡಬೇಕು. ಲೆಕ್ಕ ಬರೆಯುವವನು ಶಾನುಭೋಗ, ಸಾಕ್ಷಿ ನಿಲ್ಲುವವನು ಪಟೇಲ, ಮೇಲ್ವಿಚಾರಣೆಗೆ ಶೇಕ್ದಾರ, ಅವನ ಮೇಲೆ ಅಮಲ್ದಾರ. ಕಂದಾಯವನ್ನು ಹಣದಲ್ಲಿ ಕೊಟ್ಟು ರೂಢಿಯಾಗಿದ್ದ ರೈತನ ಎದುರು ಈಗ ಸರ್ಕಾರ ಸೇರು, ಕೊಳಗ, ಪಲ್ಲ ಹಿಡಿದು ಬಂದು ನಿಂತಿತ್ತು.

ತೊಡಕು ಇದ್ದದ್ದು ‘ಮಿಕ್ಕಿದ್ದು’ ಎಂಬ ಮಾತಿನಲ್ಲಿ. ಅಧಿಕಾರಿಯ ದೃಷ್ಟಿಯಲ್ಲಿ ಈ ವರ್ಷ ಉಣ್ಣದೆ ಉಳಿಯುವ ರಾಗಿ ಮಿಕ್ಕಿದ್ದು. ರೈತನ ದೃಷ್ಟಿಯಲ್ಲಿ ಅದು ಮುಂದಿನ ವರ್ಷದ ಊಟ, ಮಳೆ ಹೋದರೆ ಅದರ ಮುಂದಿನ ವರ್ಷದ್ದೂ ಊಟ. ಪಾವಗಡದಂಥ ಕಡೆ ಮೂರು ವರ್ಷಕ್ಕೊಮ್ಮೆ ಸರಿಯಾದ ಬೆಳೆ ಕಂಡರೆ ಪುಣ್ಯ. ಅಲ್ಲಿ ಹಗೇವಿನಲ್ಲಿ ಇರುವ ರಾಗಿಯನ್ನು ಯಾರೂ ಹೆಚ್ಚುವರಿ ಎಂದುಕೊಂಡವರಲ್ಲ. ಧಾತು ಈಶ್ವರದ ಬರದ ಕಥೆಗಳನ್ನು ಅಜ್ಜಿಯರ ಬಾಯಿಂದ ಕೇಳಿ ಬೆಳೆದವರೇ ಆಗ ಮನೆಯ ಯಜಮಾನರಾಗಿದ್ದರು. ಅವರು ಕಾಳು ಬಚ್ಚಿಟ್ಟದ್ದನ್ನು ದುರಾಸೆ ಎಂದು ಬರೆಯುವುದು ಅನ್ಯಾಯ. ಬಲವಿದ್ದವರು ಶಾನುಭೋಗನ ಲೆಕ್ಕವನ್ನೇ ತಿದ್ದಿಸಿಕೊಂಡು ಕಾಳಸಂತೆಯಲ್ಲಿ ಮಾರಿದ್ದೂ, ಎರಡೆಕರೆಯವನು ತನ್ನ ಉಣ್ಣುವ ಕಾಳನ್ನೇ ಅಳೆದುಕೊಟ್ಟದ್ದೂ ಲೆವಿ ನಡೆದ ಎಲ್ಲ ಸೀಮೆಗಳ ಸಾಮಾನ್ಯ ದೂರು.

ಕೊಟ್ಟದ್ದಕ್ಕೆ ಪ್ರತಿಯಾಗಿ ಹಳ್ಳಿಗೆ ಬೇಕಾದ ಸಾಮಾನೂ ಕಷ್ಟದಿಂದ ಸಿಗುತ್ತಿತ್ತು. ಸೀಮೆಎಣ್ಣೆ ಅಳತೆಯ ಮೇಲೆ, ಸಕ್ಕರೆ ಚೀಟಿಯ ಮೇಲೆ, ಬಟ್ಟೆಗೆ ಕಂಟ್ರೋಲು. 1943ರ ಬಟ್ಟೆ ಮತ್ತು ನೂಲು ನಿಯಂತ್ರಣದ ಆದೇಶದಿಂದ ಗಿರಣಿ ಬಟ್ಟೆಯ ಬೆಲೆಗೆ ಮೂಗುದಾರ ಬಿತ್ತು, ಆದರೆ ಕೈಮಗ್ಗದವನಿಗೆ ನೂಲು ಸಿಗುವುದೇ ದುಸ್ತರವಾಯಿತು. ಕಂಬಳಿಯವರ ಪಾಡು ಬೇರೆ. ಅವರ ಉಣ್ಣೆ ಊರಿನ ಕುರಿಯದ್ದೇ, ಮೇಲಾಗಿ ಸೈನ್ಯಕ್ಕೆ ಕಂಬಳಿ ಬೇಕಿದ್ದರಿಂದ ಕೈಯಲ್ಲಿ ನೇಯ್ದ ಉಣ್ಣೆ ಬಟ್ಟೆಗೂ ದೇಶದಾದ್ಯಂತ ಬೇಡಿಕೆ ಬಂದಿತ್ತು. ಪೆಟ್ರೋಲಿಗೆ ಕೊರತೆ ಬಂದು ಬಸ್ಸುಗಳ ಹಿಂದೆ ಇದ್ದಿಲಿನ ಉರುಳೆ ಸೇರಿತು. ಹೊರಡುವ ಮುಂಚೆ ಅರ್ಧ ಗಂಟೆ ತಿದಿ ತಿರುಗಿಸಿ ಗ್ಯಾಸು ಎಬ್ಬಿಸಬೇಕು, ಏರು ಬಂದರೆ ಜನ ಇಳಿದು ನಡೆಯಬೇಕು. ಆ ಇದ್ದಿಲಿಗೆ ಬಿದ್ದದ್ದು ಗುಡ್ಡಗಳ ಮರ.

ಹಣದ ಮುಖವೂ ಬದಲಾಯಿತು. ಬೆಳ್ಳಿಯ ರೂಪಾಯಿ ಮರೆಯಾಗಿ 1940ರಲ್ಲಿ ಒಂದು ರೂಪಾಯಿಯ ನೋಟು ಬಂತು. ತಾಮ್ರ ಉಳಿಸಲು 1943ರಲ್ಲಿ ಕಾಸಿನ ನಡುವೆ ತೂತು ಬಿತ್ತು. ಆ ತೂತಿನ ಕಾಸನ್ನು ದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟಿದ ಮನೆಗಳು ಎಷ್ಟೋ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಲೆವಿಯ ಪರವಾಗಿ ಹೇಳಲೇಬೇಕು. 1877ರಲ್ಲಿ ಸರ್ಕಾರ ವರ್ತಕನ ಕಾಳನ್ನು ಮುಟ್ಟಲೊಲ್ಲದೆ ಕೂಲಿಯವನ ಪೌಂಡನ್ನು ಅಳೆಯಿತು, ಐವತ್ತು ಲಕ್ಷದ ಸಂಸ್ಥಾನದಲ್ಲಿ ಐದರಲ್ಲೊಂದು ಪಾಲು ಜೀವ ಹೋಯಿತು. 1943ರಿಂದ 1946ರ ತನಕ ಸರ್ಕಾರ ಕಾಳಿಗೇ ಕೈ ಹಾಕಿತು, ಬೈಗುಳ ತಿಂದಿತು, ತಪ್ಪುಗಳನ್ನೂ ಮಾಡಿತು. ಆದರೆ ಮೈಸೂರಿನಲ್ಲಿ ಬಂಗಾಳದಂಥ ಸಾವು ಆಗಲಿಲ್ಲ. ಹೊಲವಿಲ್ಲದವನಿಗೂ ಚೀಟಿ ಹಿಡಿದರೆ ಇಷ್ಟು ಧಾನ್ಯ ಗೊತ್ತಾದ ಬೆಲೆಗೆ ಸಿಗಬೇಕು ಎಂಬ ಕಲ್ಪನೆ ಈ ನೆಲದಲ್ಲಿ ಬೇರೂರಿದ್ದು ಆ ವರ್ಷಗಳಲ್ಲಿ. ಅದರ ಭಾರವನ್ನು ಹೊತ್ತವನು ರಾಗಿ ಬೆಳೆದವನು. ಅವನಿಗೆ ಕೊಟ್ಟ ಬೆಲೆ ಇನ್ನಷ್ಟು ನ್ಯಾಯವಾಗಿದ್ದರೆ, ಅಳೆಯಲು ಬಂದವರಿಗೆ ಅವನ ಮುಂದಿನ ವರ್ಷದ ಭಯ ಅರ್ಥವಾಗಿದ್ದರೆ, ಹಗೇವನ್ನು ಮುಚ್ಚಿಡುವ ಅಗತ್ಯವೇ ಅಷ್ಟಾಗಿ ಇರುತ್ತಿರಲಿಲ್ಲ.

ಯುದ್ಧ ಮುಗಿದರೂ ಕಂಟ್ರೋಲು ಮುಗಿಯಲಿಲ್ಲ. ಗಾಂಧೀಜಿಯವರ ಒತ್ತಾಯದ ಮೇಲೆ 1947ರ ಡಿಸೆಂಬರಿನಲ್ಲಿ ನಿಯಂತ್ರಣ ಸಡಿಲವಾಯಿತು, ಬೆಲೆ ನೆಗೆದದ್ದರಿಂದ 1948ರಲ್ಲಿ ಮತ್ತೆ ಬಿಗಿಯಾಯಿತು, ರಫಿ ಅಹ್ಮದ್ ಕಿದ್ವಾಯಿ ಆಹಾರ ಮಂತ್ರಿಯಾದ ಮೇಲೆ ಬಹುಪಾಲು ಕಳಚಿತು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ, ಅದರ ಬೆನ್ನಿಗೆ ಎರಡು ವರ್ಷ ಬರ. ಸೋಮವಾರ ರಾತ್ರಿಯ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕೇಳಿಕೊಂಡರು. ಅಮೆರಿಕದ ಗೋಧಿ ಮತ್ತು ಕೆಂಪು ಜೋಳ ರೇಷನ್ ಅಂಗಡಿಗೆ ಬಂದವು, ಶಾಲೆಗಳಲ್ಲಿ ಹಾಲಿನ ಪುಡಿ ಮತ್ತು ಕೇರ್ ಉಪ್ಪಿಟ್ಟು. ಮುದ್ದೆ ಉಣ್ಣುವವರಿಗೆ ಆ ಜೋಳ ರುಚಿಸಲಿಲ್ಲ. ಆ ಹೊತ್ತಿಗೆ ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ದೇಶಿ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸುವ ಕೆಲಸದಲ್ಲಿದ್ದರು. ರಾಗಿಯ ಇಳುವರಿ ಏರಿದ್ದು ಅವರ ದುಡಿಮೆಯಿಂದ.

ಇಂದಿನ ಬಿಕ್ಕಟ್ಟಿನ ಹೆಸರು ಬೇರೆ. ಕಲ್ಲಿದ್ದಲು ಬಿಟ್ಟು ಸೂರ್ಯನ ಕಡೆಗೆ ತಿರುಗಬೇಕೆಂದು ಸರ್ಕಾರಗಳು ನಿರ್ಧರಿಸಿದಾಗ ಕರ್ನಾಟಕದ ಕಣ್ಣು ಬಿದ್ದದ್ದು ಪಾವಗಡದ ಮೇಲೆ. ಮಳೆ ಇಲ್ಲದ್ದೇ ಅಲ್ಲಿನ ಅರ್ಹತೆಯಾಯಿತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿದೆ. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ. ಇಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಕಡಲೆಕಾಯಿ ಕೈಕೊಟ್ಟು ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ರೈತನಿಗೆ ಇದು ತಪ್ಪದೆ ಬರುವ ಬೆಳೆ. ಹೊಲವಿಲ್ಲದ ಕೂಲಿಯವನಿಗೆ, ಕುರಿ ಮೇಯಿಸುವವನಿಗೆ ಆ ಬೆಳೆಯಲ್ಲಿ ಪಾಲಿಲ್ಲ. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಕರೆಯುತ್ತಿದ್ದ ಹೊಲಗಳ ಸುತ್ತ ಈಗ ಬೇಲಿ.

ಕಾವಲುಗಳ ಕಥೆಯೂ ಮುಂದುವರಿದಿದೆ. ಪಾವಗಡಕ್ಕೆ ನೆರೆಯಾದ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷೆಯ ನೆಲೆ ಆರಂಭವಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ತೆರೆಯಿತು. ತೋಪು ಎಳೆಯುವ ಎತ್ತಿಗೆ ಮೀಸಲಾದ ಹುಲ್ಲಿನ ನಾಡಿಗೆ ದಂಡಿನ ಹೊಸ ವಾಹನಗಳು ಬಂದಿವೆ. ಕುರಿ ಅಟ್ಟಿಕೊಂಡು ಬಂದ ಹಳ್ಳಿಯವರು ಗೋಡೆಯ ಹೊರಗಿನಿಂದ ಸುತ್ತಿಕೊಂಡು ಹೋಗಬೇಕು.

ಹಗೇವುಗಳು ಈಗ ಇಲ್ಲವೆಂದೇ ಹೇಳಬೇಕು. ಊರೊಳಗಿನವು ಕಾಂಕ್ರೀಟು ರಸ್ತೆಯ ಕೆಳಗೆ ಹೋದವು, ಕಣದಲ್ಲಿದ್ದವುಗಳಿಗೆ ಮಣ್ಣು ಬಿತ್ತು. ಸುಗ್ಗಿಯ ನಂತರ ರಾಗಿ ಚೀಲಗಳು ಟ್ರ್ಯಾಕ್ಟರ್ ಏರಿ ಸರ್ಕಾರದ ಖರೀದಿ ಕೇಂದ್ರಕ್ಕೆ ಹೊರಡುತ್ತವೆ. 2025–26ಕ್ಕೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗಿದ್ದಾಗ ನೋಂದಣಿಗೆ ಜನ ಮುಗಿಬೀಳುತ್ತಾರೆ. ಎಂಬತ್ತು ವರ್ಷದ ಹಿಂದೆ ರಾಗಿ ಕೊಡಿ ಎಂದು ಶೇಕ್ದಾರ ಮನೆ ಬಾಗಿಲಿಗೆ ಬರುತ್ತಿದ್ದ. ಈಗ ರಾಗಿ ತೆಗೆದುಕೊಳ್ಳಿ ಎಂದು ರೈತ ಪಹಣಿಯನ್ನೂ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆಯನ್ನೂ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ. ಇಷ್ಟು ಕ್ವಿಂಟಾಲಿಗಿಂತ ಹೆಚ್ಚು ಕೊಳ್ಳುವುದಿಲ್ಲವೆಂದು ಮಿತಿ ಹಾಕುವುದು ಈಗ ಸರ್ಕಾರದ ಸರದಿ. ತೂಕವಾದ ಚೀಲಕ್ಕೆ ಹೊಲಿಗೆ ಬೀಳುತ್ತದೆ, ಲಾರಿ ಗೋದಾಮಿಗೆ ಹೋಗುತ್ತದೆ. ಕೆಲವು ತಿಂಗಳ ಮೇಲೆ ಅದೇ ಸೀಮೆಯ ನ್ಯಾಯಬೆಲೆ ಅಂಗಡಿಯಲ್ಲಿ, ಹೆಬ್ಬೆಟ್ಟು ಒತ್ತಿದವರ ಚೀಲಕ್ಕೆ ರಾಗಿ ಸುರಿಯುತ್ತಾರೆ.